ಸಂಘದ ಕಚೇರಿಗೆ ರೂಟರ್, ಸ್ವಿಚ್: ಅಗ್ಗವೂ ಬೇಕು, ಬಾಳಿಕೆಯೂ ಬೇಕು



ಅಡಿಕೆ ಮೂಟೆ ತೂಗಿ, ಕೈಬರಹದ ಚೀಟಿ ಕೊಟ್ಟು ವ್ಯವಹಾರ ಮುಗಿಸುತ್ತಿದ್ದ ಕಾಲ ಹೋಯಿತು. 2014ರಲ್ಲಿ ರಾಜ್ಯಕ್ಕೆ ಏಕೀಕೃತ ಮಾರುಕಟ್ಟೆ ವೇದಿಕೆ ಬಂದ ಮೇಲೆ ಟೆಂಡರು ಕಂಪ್ಯೂಟರಿಗೆ ಏರಿತು. 2022ರ ಜೂನ್ ತಿಂಗಳಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಶಿವಮೊಗ್ಗ, ಭದ್ರಾವತಿ ಸುತ್ತಿನ ಸಣ್ಣ ಸಂಘಗಳಲ್ಲಿಯೂ ಈಗ ನೆಟ್‌ವರ್ಕ್ ನಿಂತರೆ ಕೆಲಸವೇ ನಿಂತಂತೆ. ರಾಶಿ ಇಡಿ ತಂದ ಸದಸ್ಯರು ಬಿಲ್ಲಿಗಾಗಿ ಸಂಜೆಯವರೆಗೆ ಕಾಯಬೇಕಾಗುತ್ತದೆ.

ಆದಕಾರಣ ಈ ಸಾಮಾನುಗಳ ಖರೀದಿಯನ್ನು ಮಾರುವವರ ಮಾತಿಗಷ್ಟೇ ಬಿಡಬಾರದೆಂಬುದು ನಮ್ಮ ಅಭಿಪ್ರಾಯ. ಹೊರಗಿನ ಇಂಟರ್ನೆಟ್ ಲೈನನ್ನು ಕಚೇರಿಗೆ ಸೇರಿಸುವುದು ರೂಟರ್; ಒಳಗಿನ ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವುದು ಸ್ವಿಚ್. ನಾಲ್ಕು ಕಂಪ್ಯೂಟರ್, ಒಂದು ಪ್ರಿಂಟರ್ ಇರುವ ಕಚೇರಿಗೆ 8 ಪೋರ್ಟಿನ ಸಾದಾ ಗಿಗಾಬಿಟ್ ಸ್ವಿಚ್ ಸಾಕು. ಒಂದೆರಡು ಸಾವಿರ ರೂಪಾಯಿಗೆ ಅದು ದೊರೆಯುತ್ತದೆ. ಕ್ಯಾಮೆರಾ, ಲೆಕ್ಕಪತ್ರ, ಗೋದಾಮು ಇವುಗಳನ್ನು ಬೇರೆ ಬೇರೆಯಾಗಿ ಇಡಬೇಕಾದ ದೊಡ್ಡ ಸಂಘಗಳಿಗೆ ಮಾತ್ರ ದುಬಾರಿಯ ಮ್ಯಾನೇಜ್ಡ್ ಸ್ವಿಚ್ ಅಗತ್ಯ. ಭದ್ರಾ ನಾಲೆಯಲ್ಲಿ ಬಾರದ ನೀರು ತೂಬು ದೊಡ್ಡದು ಮಾಡಿದರೆ ಗದ್ದೆಗೆ ಬಂದೀತೆ? ಲೈನು 50 ಎಂಬಿಪಿಎಸ್ ಇದ್ದಲ್ಲಿ ಬೆಲೆಬಾಳುವ ರೂಟರಿನಿಂದ ಇಂಟರ್ನೆಟ್ಟಿನ ವೇಗ ಹೆಚ್ಚುವುದಿಲ್ಲ.

ಹಾಗೆಂದು ಎಲ್ಲದರಲ್ಲಿಯೂ ಕೈ ಬಿಗಿಹಿಡಿಯುವುದು ತರವಲ್ಲ. ತಾಮ್ರದ ನೆಟ್‌ವರ್ಕ್ ತಂತಿಯನ್ನು 100 ಮೀಟರಿಗಿಂತ ಉದ್ದ ಎಳೆಯುವಂತಿಲ್ಲ. ಅಂಗಳದಾಚೆಯ ಗೋದಾಮಿಗೆ ಅಂಥ ತಂತಿ ಎಳೆದರೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ಅದರ ಮೂಲಕವೇ ಒಳಬರಬಹುದು. ಅಲ್ಲಿಗೆ ಲೋಹದ ಕವಚವಿಲ್ಲದ ಫೈಬರ್ ಕೇಬಲ್, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಹಾಕಿಸುವುದು ಒಳಿತು. ಕಚೇರಿಯ ಅರ್ಥಿಂಗ್ ಸರಿಯಿರಬೇಕು. ರೂಟರ್, ಸ್ವಿಚ್ ಎರಡಕ್ಕೂ ಯುಪಿಎಸ್ ಬೇಕು. ಈ ಖರ್ಚನ್ನು ಉಳಿಸಹೊರಟರೆ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯಂತಾದೀತು.

ಸದಸ್ಯರ ಠೇವಣಿ, ಸಾಲದ ಲೆಕ್ಕ ಈ ಯಂತ್ರಗಳ ಮೂಲಕವೇ ಹಾದುಹೋಗುತ್ತದೆ. ಆದ್ದರಿಂದ ರೂಟರಿನೊಡನೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸತಕ್ಕದ್ದು. ತಯಾರಕರು ಇನ್ನೂ ತಂತ್ರಾಂಶದ ಪರಿಷ್ಕರಣೆ ನೀಡುತ್ತಿರುವ ಮಾದರಿಯನ್ನೇ ಕೊಳ್ಳಬೇಕು. ಹಳೆಯ ದಾಸ್ತಾನು ಎಷ್ಟೇ ಅಗ್ಗವಾದರೂ ಬೇಡ. ಬಂದು ಹೋಗುವವರಿಗೆ ವೈಫೈ ಕೊಡುವುದಾದರೆ ಅದನ್ನು ಕಚೇರಿಯ ನೆಟ್‌ವರ್ಕಿನಿಂದ ಬೇರ್ಪಡಿಸಿಯೇ ಕೊಡಬೇಕು.

ಆಡಳಿತ ಮಂಡಳಿಯವರಲ್ಲಿ ನಮ್ಮ ಮನವಿ ಇಷ್ಟೆ. ಮೊದಲು ಯಂತ್ರಗಳನ್ನು ಎಣಿಸಿರಿ, ದೂರವನ್ನು ಅಳೆಯಿರಿ, ಅನಂತರ ಮೂರು ಕಡೆಯ ದರಪಟ್ಟಿ ತರಿಸಿರಿ. ಕೆಟ್ಟರೆ ಅಂದೇ ಬದಲಿ ಕೊಡುವ ಶಿವಮೊಗ್ಗ ಅಥವಾ ಭದ್ರಾವತಿಯ ಅಂಗಡಿಗೆ ಪ್ರಾಶಸ್ತ್ಯವಿರಲಿ. ಉಳಿಸಿದ ಹಣದಲ್ಲಿ ಒಂದು ಸ್ವಿಚ್ಚನ್ನು ಹೆಚ್ಚುವರಿಯಾಗಿ ತಂದು ಬೀರುವಿನಲ್ಲಿಡಿರಿ. ಸುಗ್ಗಿಯ ದಿನ ಕೆಲಸಕ್ಕೆ ಬರುವುದು ಅದೇ.