ನೆಂಟರ ಮನಿ ಲಾಡ್ಜ್ ಅಲ್ಲ

ನಮ್ಮ ಕಡೆ ಪ್ರವಾಸೋದ್ಯಮ ಬೆಳೀಬೇಕು ಅಂತ ಭಾಷಣ ಮಾಡೋರೆಲ್ಲ ಒಂದು ಮಾತು ತಪ್ಪದ ಹೇಳ್ತಾರ. ಹಂಪಿಗೆ ಬಂದ ಜನ ಅವತ್ತೇ ವಾಪಸ್ ಹೋಗಬಾರದು, ಒಂದು ರಾತ್ರಿ ಉಳೀಬೇಕು, ಅಂದ್ರ ಊರಿಗೆ ನಾಕು ಕಾಸು ಬರ್ತಾವು ಅಂತ. ಮಾತು ಖರೇನ. ಆದ್ರ ಅಕ್ಕಂದಿರೇ, ಉಳಿಯೋ ಮಂದಿ ಅರ್ಧಕ್ಕರ್ಧ ಎಲ್ಲಿ ಉಳೀತಾರ ಅನ್ನೋದು ನಮಗ ಗೊತ್ತು, ಭಾಷಣದವರಿಗೆ ಗೊತ್ತಿಲ್ಲ. ನಮ್ಮ ಮನ್ಯಾಗ ಉಳೀತಾರ. ನಮ್ಮ ಚಾಪಿ ಮ್ಯಾಲ, ನಮ್ಮ ಬಚ್ಚಲ ನೀರಾಗ, ನಮ್ಮ ರೊಟ್ಟಿ ಹಂಚಿನ ಮುಂದ.

ಹೊಸಪೇಟ್ಯಾಗ ಮನಿ ಇದ್ದ ಹೆಣ್ಣುಮಕ್ಕಳನ್ನ ಕೇಳಿ ನೋಡ್ರಿ. ನವೆಂಬರದಿಂದ ಫೆಬ್ರುವರಿ ತನಕ ಹಂಪಿ ನೋಡೋರು, ಚೈತ್ರದಾಗ ವಿರೂಪಾಕ್ಷನ ತೇರಿಗೆ ಬರೋರು, ಮಳಿ ಆಗಿ ಡ್ಯಾಮ್ ತುಂಬಿತು ಅಂದ್ರ ಗೇಟ್ ನೋಡಾಕ ಬರೋರು, ಅಂಜನಾದ್ರಿಯ 575 ಮೆಟ್ಟಲ ಹತ್ತಿ ಕಾಲು ಹಿಡಕೊಂಡು ಬರೋರು. ನಾವು ಯಶವಂತನಗರದಾಗ ದೂರ ಇದ್ದೀವಿ, ಪಾರಾದ್ವಿ ಅಂದ್ರ ಅದೂ ಇಲ್ಲ. ಸೆಪ್ಟೆಂಬರದಾಗ ಸಂಡೂರು ನೋಡ್ರಿ ಅಂತ ಗಾಂಧೀಜಿ ಹೇಳಿದ್ರು ಅನ್ನೋ ಮಾತು ಎಲ್ಲರ ಬಾಯಾಗೂ ಐತಿ. ಅವರು ಸಂಡೂರಿಗೆ ಬಂದಿದ್ದು 1934ರಾಗ. ಅವತ್ತಿನಿಂದ ಸೆಪ್ಟೆಂಬರ್ ಬಂತಂದ್ರ ಗುಡ್ಡ ಹಸಿರಾಗತೈತಿ, ನಾರಿಹಳ್ಳ ತುಂಬತೈತಿ, ನಮ್ಮ ಮನಿಯೂ ತುಂಬತೈತಿ.

ಒಂದು ಹಂಪಿ ಟ್ರಿಪ್ಪಿನ ಲೆಕ್ಕ ಹಾಕೋಣ ಬರ್ರಿ. ಆರು ಮಂದಿ, ಎರಡು ರಾತ್ರಿ. ಬೆಳಿಗ್ಗೆ ಹಂಪಿ ಎಕ್ಸ್‌ಪ್ರೆಸ್ಸಿಗೆ ಇಳೀತಾರ, ಆರು ಮಂದಿಗೆ ಚಾ, ಸ್ನಾನಕ್ಕ ಬಿಸಿನೀರು, ಮಂಡಕ್ಕಿ ಒಗ್ಗರಣಿ, ಮಿರ್ಚಿ. ಹೊತ್ತುಕೊಂಡು ಹೋಗಾಕ ಬುತ್ತಿ. ರಾತ್ರಿ ಬರೂದ್ರಾಗ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಮರುದಿನ ಮತ್ತ ಇದ. ಹೋಗೋ ದಿನ ಹೋಳಿಗಿ, ಇಲ್ಲಂದ್ರ "ಅವರ ಮನ್ಯಾಗ ಸಿಹಿ ಮಾಡಲಿಲ್ಲ" ಅಂತ ಮಾತು. ಹೋದ ಮ್ಯಾಲ ಹಾಸಿಗಿ, ದುಪಟಿ, ಟವೆಲ್ ಒಗೆಯೋದು ಬ್ಯಾರೆ. ಇದನ್ನೆಲ್ಲ ಮಾಡಿದಾಕಿ ಆ ಎರಡು ದಿನ ಹಂಪಿ ನೋಡಿದ್ಲೇನು? ಇಲ್ಲ. "ನೀನು ಇಲ್ಲೇ ಇರ್ತೀಯಲ್ಲ, ಯಾವಾಗ ಬೇಕಾದ್ರೂ ನೋಡಬಹುದು" ಅಂತಾರ. ಹೊಸಪೇಟಿಂದ ಹಂಪಿ ಹದಿಮೂರು ಕಿಲೋಮೀಟರ್. ಕಲ್ಲಿನ ರಥವನ್ನ ಐವತ್ತು ರೂಪಾಯಿ ನೋಟಿನ ಮ್ಯಾಲ ಮಾತ್ರ ನೋಡಿದ ಹೆಂಗಸರು ನಮ್ಮ ಓಣ್ಯಾಗೇ ಅದಾರ.

ಸರ್ಕಾರ 2024ರಾಗ ಮಾಡಿದ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳ ಇಲ್ಲದ ಮನಿಗೆಲಸಕ್ಕ ಆ ಕೆಲಸ ಮಾಡೋ ಹೆಂಗಸರು ದಿನಕ್ಕ 289 ನಿಮಿಷ ಕೊಡ್ತಾರ, ಆ ಕೆಲಸ ಮಾಡೋ ಗಂಡಸರು 88 ನಿಮಿಷ. ಇದು ಎಲ್ಲಾ ದಿನದ ಸರಾಸರಿ. ಆರು ಮಂದಿ ನೆಂಟರು ಬಂದ ದಿನದ್ದು ಬ್ಯಾರೆ ಬರೆದಿದ್ರ ಎಷ್ಟು ಆಗ್ತಿತ್ತೋ ನೀವ ಹೇಳ್ರಿ. ಇನ್ನ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳು ಪುಕ್ಕಟೆ ಓಡಾಡೋ ಹಂಗಾತು, ನಾನೂ ಓಡಾಡ್ತೀನಿ, ಅದು ಒಳ್ಳೇದ. ಆದ್ರ ಬಸ್ಸು ಈಗ ಪುಕ್ಕಟೆ ಆತು, ನಮ್ಮ ಮನಿ ಮೊದಲಿಂದಲೂ ಪುಕ್ಕಟೆ. ಬಸ್ಸಿನ ಖರ್ಚು ಸರ್ಕಾರ ಕೊಡತೈತಿ. ಮನಿ ಖರ್ಚು ಯಾರು ಕೊಡ್ತಾರ?

ಅತಿಥಿ ದೇವರು ಅಂತ ನನಗ ಪಾಠ ಹೇಳೋರು ಬಾಳ ಮಂದಿ ಅದಾರ. ಅವರಿಗೆ ಒಂದು ಹಳೇ ಮಾತು ನೆನಪು ಮಾಡ್ತೀನಿ. ನಮ್ಮ ಅಜ್ಜಿ ಕಾಲದವರು ಹಂಪಿ ಜಾತ್ರಿಗೆ ಹೋಗ್ತಿದ್ದದ್ದು ಬಂಡಿ ಕಟ್ಟಿಕೊಂಡು, ಒಣ ರೊಟ್ಟಿ ಬುತ್ತಿ ತಗೊಂಡು. ಇಳಕೊಳ್ತಿದ್ದದ್ದು ಛತ್ರದಾಗ, ಮಠದಾಗ, ಮಂಟಪದಾಗ, ಇಲ್ಲಾ ಬಂಡಿ ಕೆಳಗ. ಊರೂರಿಗೆ ಛತ್ರ ಕಟ್ಟಿಸಿದ್ದು ಯಾಕ? ಯಾತ್ರಿಯವರ ಭಾರ ಯಾವುದೋ ಒಂದು ಮನಿ ಹೆಣ್ಣುಮಗಳ ತಲಿ ಮ್ಯಾಲ ಬೀಳಬಾರದು ಅಂತ. ನೆಂಟರ ಮನಿಗೆ ಹೋಗ್ತಿದ್ದದ್ದು ಮದುವಿಗೆ, ಬಾಣಂತನಕ್ಕ, ಸಾವಿಗೆ, ಹಬ್ಬಕ್ಕ. ನೆಂಟಸ್ತನ ಬ್ಯಾರೆ, ಪ್ರವಾಸ ಬ್ಯಾರೆ ಅಂತ ಅವರಿಗೆ ಗೊತ್ತಿತ್ತು. ಎರಡನ್ನೂ ಕಲಿಸಿದವರು ನಾವು.

ಇನ್ನೊಂದು ಮಾತು, ಮರ್ಯಾದಿದು. ನಮ್ಮ ಕಡೆ ಹೋಟೆಲ್ ಅಂದ್ರ ತಿನ್ನೋ ಜಾಗ, ಲಾಡ್ಜ್ ಅಂದ್ರ ಮಲಗೋ ಜಾಗ. "ಸಂಸಾರಸ್ಥರು ಲಾಡ್ಜಿಗೆ ಹೋಗ್ತಾರೇನು" ಅಂತ ಮೂಗು ಮುರೀತಾರ. ತಿರುಪತ್ಯಾಗ, ಧರ್ಮಸ್ಥಳದಾಗ ರೂಮ್ ಬುಕ್ ಮಾಡುವಾಗ ಯಾರ ಮರ್ಯಾದಿನೂ ಹೋಗಂಗಿಲ್ಲ. ಹೊಸಪೇಟ್ಯಾಗ ಮಾತ್ರ ಹೋಗತೈತಿ, ಯಾಕಂದ್ರ ಅಲ್ಲಿ ತಂಗಿ ಮನಿ ಐತಿ. ಅಂದ್ರ ಇದು ಮರ್ಯಾದಿ ಪ್ರಶ್ನೆ ಅಲ್ಲ, ರೊಕ್ಕದ ಪ್ರಶ್ನೆ.

ರೊಕ್ಕದ ಮಾತೂ ಆಡೋಣ. ಎಲ್ಲರ ಕೈಯಾಗೂ ಇರಂಗಿಲ್ಲ, ಒಪ್ಪಿದೆ. ಹಂಪ್ಯಾಗ ಕಮ್ಮಿ ರೊಕ್ಕದ ಕೋಣಿಗಳು ಕಡಿಮಿ ಆದವು. 2011ರ ಜುಲೈದಾಗ ಹಂಪಿ ಬಜಾರಿನ ಸಾಲುಮಂಟಪದಾಗಿನ ಮನಿ, ಅಂಗಡಿ ಕೆಡವಿದ್ರು. 2020ರ ಮಾರ್ಚದಾಗ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ವಿರುಪಾಪುರ ಗಡ್ಡಿ ರೆಸಾರ್ಟ್‌ಗಳನ್ನೂ ತೆಗೆದ್ರು. 1986ರಿಂದ ವಿಶ್ವ ಪರಂಪರೆ ಪಟ್ಟಿಯಾಗಿರೋ ಜಾಗ, ಕಲ್ಲು ಉಳೀಬೇಕು, ಅದಕ್ಕ ನನ್ನ ತಕರಾರಿಲ್ಲ. ಆದ್ರ ಕೆಡವೋ ಅವಸರ ಬಡವರು ಉಳಿಯೋ ಜಾಗ ಕಟ್ಟೋದರಾಗ ಕಾಣಲಿಲ್ಲ. ಸರ್ಕಾರದ ಮಯೂರ ಹೋಟೆಲ್ ಕಮಲಾಪುರದಾಗ ಒಂದು, ಡ್ಯಾಮ್ ಹತ್ರ ಒಂದು ಅದಾವು. ಅಂಥ ಎರಡರಿಂದ ಎಷ್ಟು ಮಂದಿ ಹಿಡಿಸ್ಯಾರು? ನಮ್ಮ ಸಂಡೂರು ಕಡೆ ಅಂತೂ ಹಸಿರು ಗುಡ್ಡ ತೋರಿಸಿ ಕರೀತಾರ, ಮಲಗೋ ಜಾಗದ ಮಾತು ತೆಗೆಯಂಗಿಲ್ಲ.

ಹೋಟೆಲ್ ಮಾಲೀಕರಿಗೂ ನನ್ನ ಮಾತು ಐತಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕ 7500 ರೂಪಾಯಿ ಒಳಗಿನ ಕೋಣಿಗೆ ಜಿಎಸ್‌ಟಿ 12 ಪರ್ಸೆಂಟಿನಿಂದ 5ಕ್ಕ ಇಳೀತು. 1500 ರೂಪಾಯಿ ಕೋಣಿಗೆ 180 ತೆರಿಗಿ ಇದ್ದದ್ದು 75 ಆತು. ಅದನ್ನ ಗಿರಾಕಿಗೆ ಬಿಟ್ಟುಕೊಡ್ರಿ, ಬಾಡಿಗಿ ಏರಿಸಿ ನುಂಗಬ್ಯಾಡ್ರಿ. ಎರಡನೇದು, ರೈಲು ಬೆಳಿಗ್ಗೆ ಬರತೈತಿ, ನೀವು ಹನ್ನೆರಡಕ್ಕ ಕೋಣಿ ಕೊಡ್ತೀರಿ. ನಡುವಿನ ಆ ನಾಕೈದು ತಾಸಿಗೆ "ಬರೇ ಸ್ನಾನ ಮಾಡಿ ಹೋಗ್ತೀವಿ" ಅಂತ ನೆಂಟರು ನಮ್ಮ ಮನಿಗೆ ಬಂದು ಎರಡು ದಿನ ಕೂಡ್ತಾರ. ಅರ್ಧ ದಿನದ ಬಾಡಿಗಿ ಇಡ್ರಿ. ಐದಾರು ಮಂದಿ ಒಟ್ಟಿಗೆ ಮಲಗೋ ದೊಡ್ಡ ಕೋಣಿ ಇಡ್ರಿ. ಗಟ್ಟಿ ಚಿಲಕ, ಸ್ವಚ್ಛ ಪಾಯಖಾನಿ, ಬಿಸಿನೀರು ಇರಲಿ. ಒಬ್ಬಾಕಿ ಹೆಣ್ಣುಮಗಳು ಕೋಣಿ ಕೇಳಿದ್ರ ಕೆಳಗಿಂದ ಮ್ಯಾಲತನಕ ನೋಡೋದು ಬಿಡ್ರಿ. ಗೋಡಿಗೆ ಕಲ್ಲಿನ ರಥದ ಚಿತ್ರ ಬರೆಸೋ ಖರ್ಚಿನಾಗ ಇದೆಲ್ಲ ಆಗತೈತಿ.

ಹೊರಗ ಉಳಿಯೋದು ಅಂಜಿಕಿ ಅನ್ನೋರೂ ಅದಾರ. 2025ರ ಮಾರ್ಚದಾಗ ಸಾಣಾಪುರ ಕಾಲುವಿ ದಂಡಿಗೆ ಆದದ್ದನ್ನ ನಾವ್ಯಾರೂ ಮರೆತಿಲ್ಲ. ಅನ್ಯಾಯ ಆದದ್ದು ಪರದೇಶದ ಹೆಣ್ಣುಮಗಳಿಗೂ, ಹೋಂಸ್ಟೇ ನಡೆಸೋ ಹೆಣ್ಣುಮಗಳಿಗೂ. ಅದಕ್ಕ ಉತ್ತರ ಹೆಂಗಸರು ಮನ್ಯಾಗ ಕೂಡೋದು ಅಲ್ಲ. ದೀಪ, ಪೋಲೀಸ್ ಗಸ್ತು, ಗುರುತಿರೋ ಆಟೋ. ಇವನ್ನ ಕೊಡದ ಊರಿಗೆ ಪ್ರವಾಸಿಗರನ್ನ ಕರಿಯೋ ಹಕ್ಕಿಲ್ಲ.

"ಹಂಗಾದ್ರ ನಿಮ್ಮ ಮನಿನ ಹೋಂಸ್ಟೇ ಮಾಡ್ರಿ" ಅಂತ ನಗ್ತಾರ ಕೆಲವರು. ನಗೂದೇನು, ಮನಸ್ಸಿದ್ದಾಕಿ ಮಾಡಲಿ. ಪ್ರವಾಸೋದ್ಯಮ ಇಲಾಖೆಯಾಗ ನೋಂದಣಿ ಮಾಡಿಸಿ, ಪರದೇಶದವರು ಬಂದ್ರ 24 ತಾಸಿನೊಳಗ ಫಾರ್ಮ್ ತುಂಬಿ, ರೊಕ್ಕ ತನ್ನ ಖಾತೆಗೇ ಹಾಕಿಸಿಕೊಂಡು ಮಾಡಲಿ. ವಿಜಯವಿಠ್ಠಲ ಗುಡಿಗೆ ಬ್ಯಾಟರಿ ಗಾಡಿ ಓಡಿಸೋರು ನಮ್ಮ ಕಡೆ ಹೆಣ್ಣುಮಕ್ಕಳ, ಪಗಾರ ತಗೋತಾರ. ಸಂಡೂರು ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಜಿಐ ಗುರುತು ಐತಿ, ಒಂದೊಂದು ಹೊಲಿಗಿಗೂ ಬೆಲಿ ಐತಿ. ಸೂಜಿಗೆ ಬೆಲಿ, ಸ್ಟೀರಿಂಗಿಗೆ ಬೆಲಿ, ಲಟ್ಟಣಿಗಿಗೆ ಮಾತ್ರ "ಪ್ರೀತಿ" ಅಂತ ಹೆಸರಿಟ್ಟು ಪುಕ್ಕಟೆ. ಪ್ರೀತಿ ಅಂದ್ರ ಒಲ್ಲೆ ಅನ್ನಾಕೂ ಬರಬೇಕು. ಒಲ್ಲೆ ಅನ್ನಾಕ ಬರಂಗಿಲ್ಲ ಅಂದ್ರ ಅದು ಬಿಟ್ಟಿ ಚಾಕರಿ.

ನೆಂಟಸ್ತನ ಮುರಿಯತೈತಿ ಅಂತ ಅಂಜಬ್ಯಾಡ್ರಿ. ನಾಕು ಮಂದಿ ಹೊತ್ತು ಮುಳುಗಿದ ಮ್ಯಾಲ ಬಂದು, ಬಿಸಿ ರೊಟ್ಟಿ ತಿಂದು, ಹತ್ತೂವರಿತನಕ ಹರಟಿ ಹೊಡೆದು, ತಮ್ಮ ಕೋಣಿಗೆ ಹೋದ್ರ ಅವರೂ ಚಂದ, ನಾವೂ ಚಂದ. ಗೊಣಗಾಡಿಕೋತ ಹಾಕಿದ ಆರು ಊಟಕ್ಕಿಂತ ನಕ್ಕೋತ ಹಾಕಿದ ಒಂದು ಊಟ ರುಚಿ.

ಅದಕ್ಕ ನನ್ನ ಕಟ್ಟಳಿ ಇಷ್ಟು. ಹೆರಿಗಿಗೆ ಬರ್ರಿ, ಜಡ್ಡಿಗೆ ಬರ್ರಿ, ಕಷ್ಟಕ್ಕ ಬರ್ರಿ, ಹಬ್ಬಕ್ಕ ಬರ್ರಿ, ಬಾಗಿಲು ತೆರೆದೈತಿ, ಎಷ್ಟು ದಿನ ಅಂತ ಕೇಳಂಗಿಲ್ಲ. ಹಂಪಿ ನೋಡಾಕ ಬಂದ್ರ ಕೋಣಿ ಮಾಡ್ರಿ, ನಮ್ಮ ಮನ್ಯಾಗ ಒಂದು ಊಟ. ಮತ್ತ ಹಂಪಿಗೆ ಹೋಗುವಾಗ ಮನಿಯಾಕಿಗೂ ಒಂದು ಟಿಕೆಟ್ ತಗೊಳ್ರಿ, ನಲವತ್ತು ರೂಪಾಯಿ ಅಷ್ಟ. ಈ ಸಲ ಫೋನ್ ಬಂದಾಗ ಬಾಯಿ ಬರಲಿಲ್ಲ ಅಂದ್ರ ಈ ಬರಹಾನೇ ಅವರಿಗೆ ಕಳಿಸ್ರಿ. ಬೈಯೋದಿದ್ರ ನನ್ನನ್ನ ಬೈಲಿ.