ಪರಿಗ್ರಹ ಪರಿಮಾಣವೂ ಕೈಯಲ್ಲಿರುವ ಫೋನೂ

ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಆಕಿಂಚನ್ಯ ಧರ್ಮದ ದಿನ, ಕೆಂಗೇರಿ ಉಪನಗರದಲ್ಲಿ ಏರ್ಪಟ್ಟಿದ್ದ ಪ್ರವಚನವನ್ನು ಕೇಳಿ ಹೊರಬರುತ್ತಿದ್ದೆವು. ತನ್ನದೆಂಬುದು ಯಾವುದೂ ಇಲ್ಲವೆಂಬ ಭಾವವೇ ಆಕಿಂಚನ್ಯವೆಂದು ಒಂದು ಗಂಟೆಯ ಕಾಲ ಕೇಳಿದವರು, ಪಾದರಕ್ಷೆ ಮೆಟ್ಟಿಕೊಳ್ಳುವಷ್ಟರಲ್ಲಿಯೇ ಹೊಸ ಫೋನಿನ ಬೆಲೆ, ಕಂತು, ಕ್ಯಾಮೆರಾಗಳ ಮಾತಿಗೆ ತೊಡಗಿದ್ದರು. 2019ರಲ್ಲಿ ಕೊಂಡ ನನ್ನ ಫೋನನ್ನು ಕಂಡ ತರುಣನೊಬ್ಬ, “ಏನು ಮಾಮ, ಇನ್ನೂ ಇದೇ ಫೋನೇ? ಈಗಿನವುಗಳ ಮುಂದೆ ಇದು ನಿಲ್ಲುತ್ತದೆಯೇ?” ಎಂದು ಸಲಿಗೆಯಿಂದ ಕೇಳಿದ. ಅಂದು ನಕ್ಕು ಸುಮ್ಮನಾದೆ. ಆದರೆ ಈ ಪ್ರಶ್ನೆ ನಮ್ಮ ಪ್ರತಿಯೊಂದು ಮನೆಯನ್ನೂ, ಪ್ರತಿಯೊಂದು ಬಸದಿಯ ಟ್ರಸ್ಟನ್ನೂ ಮುಟ್ಟುವಂಥದು. ಆದ್ದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಂತ್ರದ ವಿಚಾರ. ಗೃಹಸ್ಥನಿಗೆ ಫೋನಿನಿಂದ ಆಗಬೇಕಾದ ಕೆಲಸಗಳಾವುವು? ಮಾತನಾಡುವುದು, ಸಂದೇಶ ಕಳುಹಿಸುವುದು, ಹಣ ಪಾವತಿಸುವುದು, ಚಿತ್ರ ತೆಗೆಯುವುದು, ಪ್ರವಚನ ಕೇಳುವುದು. ನಮ್ಮ ಕೆಂಗೇರಿಗೆ 2021ರ ಆಗಸ್ಟಿನಲ್ಲಿ ಮೆಟ್ರೋ ಬಂದಿತು. 2022ರ ನವೆಂಬರಿನಿಂದ ಅದರ ಟಿಕೆಟ್ ಫೋನಿನಲ್ಲಿಯೇ ದೊರೆಯುತ್ತಿದೆ. ಆ ಟಿಕೆಟನ್ನು ನನ್ನ ಹಳೆಯ ಫೋನು ತೋರಿಸಿದರೂ ಗೇಟು ತೆರೆಯುತ್ತದೆ, ಲಕ್ಷ ರೂಪಾಯಿಯ ಫೋನು ತೋರಿಸಿದರೂ ತೆರೆಯುತ್ತದೆ. 2023ರ ಅಕ್ಟೋಬರಿನಲ್ಲಿ ವಾಟ್ಸಾಪ್ ಹಳೆಯ ಫೋನುಗಳನ್ನು ಕೈಬಿಟ್ಟಾಗಲೂ 2014ರಲ್ಲಿ ಬಂದ ಆಂಡ್ರಾಯ್ಡ್ 5ನೆಯ ಆವೃತ್ತಿಯನ್ನು ಉಳಿಸಿಕೊಂಡಿತ್ತು. ಹೊಸ ಮಾದರಿಗಳ ಕ್ಯಾಮೆರಾ ಉತ್ತಮವೆಂಬುದೂ ವೇಗ ಹೆಚ್ಚೆಂಬುದೂ ನಿಜವೇ. ಆದರೆ ಆ ಹೆಚ್ಚಳವು ನಮ್ಮ ಯಾವ ಕೆಲಸಕ್ಕೆ ಬೇಕಾಗಿದೆ ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿಗೆ ಉತ್ತರ ದೊರೆಯದು.

ಫೋನಿನಲ್ಲಿ ಮೊದಲು ಸವೆಯುವ ಅಂಗ ಬ್ಯಾಟರಿ. ಲಿಥಿಯಂ ಬ್ಯಾಟರಿಯು ಕೆಲವು ನೂರು ಬಾರಿ ತುಂಬಿ ಬರಿದಾದ ಮೇಲೆ ತನ್ನ ಶಕ್ತಿಯ ಒಂದಂಶವನ್ನು ಕಳೆದುಕೊಳ್ಳುತ್ತದೆ. ಆಗ ಫೋನು ಬೇಗ ಬರಿದಾಗುತ್ತದೆ, ಕೆಲವೊಮ್ಮೆ ನಿಧಾನವೂ ಆಗುತ್ತದೆ. ಹಳೆಯ ಬ್ಯಾಟರಿಯುಳ್ಳ ಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿದ್ದುದಾಗಿ ಆಪಲ್ ಕಂಪನಿಯು 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಮರುವರ್ಷ ಬ್ಯಾಟರಿ ಬದಲಾವಣೆಯ ದರವನ್ನೂ ಇಳಿಸಬೇಕಾಯಿತು. ಫೋನು ಮುದಿಯಾಯಿತೆಂದು ಭಾವಿಸಿ ಅದನ್ನು ಬಿಸುಟವರೆಷ್ಟೋ ಮಂದಿಗೆ ಬೇಕಾಗಿದ್ದುದು ಒಂದು ಹೊಸ ಬ್ಯಾಟರಿ ಮಾತ್ರ! ರಿಪೇರಿ ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಇಡೀ ಯಂತ್ರವನ್ನೇ ಬಲಿಕೊಡುವುದು ವಿವೇಕವೆನಿಸುವುದಿಲ್ಲ.

ಇನ್ನು ವ್ರತದ ವಿಚಾರ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗ ಮತ್ತು ಉಪಭೋಗಗಳನ್ನು ಬೇರ್ಪಡಿಸಿ ತೋರಿಸಿದ್ದಾರೆ. ಒಮ್ಮೆ ಅನುಭವಿಸಿ ಬಿಡತಕ್ಕದ್ದು ಭೋಗ; ಅನ್ನದಂತೆ. ಮತ್ತೆ ಮತ್ತೆ ಅನುಭವಿಸತಕ್ಕದ್ದು ಉಪಭೋಗ, ವಸ್ತ್ರದಂತೆ. ಈ ಅಳತೆಯಿಂದ ನೋಡಿದರೆ ಫೋನು ನಿಸ್ಸಂದೇಹವಾಗಿ ಉಪಭೋಗದ ವಸ್ತು. ನಾವಾದರೋ ಅದನ್ನು ಭೋಗದ ವಸ್ತುವನ್ನಾಗಿ ಮಾಡಿಕೊಂಡಿದ್ದೇವೆ. ಉಂಡೆಸೆದ ಎಲೆಯಂತೆ ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಎಸೆಯುತ್ತಿದ್ದೇವೆ. ನನ್ನ ಆಕ್ಷೇಪಣೆಯೆಲ್ಲ ಇಷ್ಟೇ. ಫೋನು ಇರಕೂಡದೆಂದು ನಾನು ಹೇಳುತ್ತಿಲ್ಲ. ಉಪಭೋಗದ ವಸ್ತುವನ್ನು ಉಪಭೋಗದ ವಸ್ತುವಾಗಿಯೇ ಬಳಸಬೇಕೆನ್ನುತ್ತಿದ್ದೇನೆ.

ಅದೇ ಗ್ರಂಥದಲ್ಲಿ ಪರಿಗ್ರಹ ಪರಿಮಾಣಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರೂ ಇದೆ. ಮಿತಿ ಹಾಕಬೇಕಾದುದು ವಸ್ತುವಿಗೆ ಮಾತ್ರವಲ್ಲ, ಇಚ್ಛೆಗೆ. ಆ ವ್ರತದ ಐದು ಅತಿಚಾರಗಳಲ್ಲಿ ಮೂರು ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ. ಬೀರುವಿನ ಸೆಳೆಖಾನೆಯಲ್ಲಿ ಮಲಗಿರುವ ಮೂರು ಹಳೆಯ ಫೋನುಗಳು ಅತಿಸಂಗ್ರಹವಲ್ಲವೇ? ಪರರ ಸಂಪತ್ತನ್ನು ಕಂಡು ಬೆರಗಾಗಿ ಕುದಿಯುವುದು ಅತಿವಿಸ್ಮಯವಾದರೆ, ಪಕ್ಕದ ಮನೆಯವರ ಕೈಯಲ್ಲಿ ಹೊಸ ಮಾದರಿಯನ್ನು ಕಂಡೊಡನೆ ನಮ್ಮದು ಹಠಾತ್ತನೆ ಹಳತಾಗಿ ತೋರುವುದು ಇನ್ನೇನು? ನಿನ್ನೆಯವರೆಗೆ ಚೆನ್ನಾಗಿದ್ದ ಫೋನು ಒಂದು ರಾತ್ರಿಯಲ್ಲಿ ಕೆಡಲಿಲ್ಲ. ಕೆಟ್ಟದ್ದು ನಮ್ಮ ಸಮಾಧಾನ.

“ದುಡ್ಡು ನನ್ನದು, ಇದರಲ್ಲಿ ಹಿಂಸೆ ಎಲ್ಲಿದೆ?” ಎಂಬ ವಾದವನ್ನು ಅನೇಕರು ಮುಂದಿಡುತ್ತಾರೆ. ನೀರನ್ನು ಸೋಸಿ ಕುಡಿಯುವ, ಗಡ್ಡೆ-ಗೆಣಸನ್ನು ವರ್ಜಿಸುವ ಸಮಾಜಕ್ಕೆ ಈ ಪ್ರಶ್ನೆಯ ಉತ್ತರ ತಿಳಿಯದಿರಬಾರದು. ಫೋನಿನ ಬ್ಯಾಟರಿಗಳಲ್ಲಿ ಬಳಸುವ ಕೋಬಾಲ್ಟ್ ಲೋಹದ ಬಹುಪಾಲು ಆಫ್ರಿಕದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿ ಮಕ್ಕಳೂ ದುಡಿಯುತ್ತಿದ್ದಾರೆಂಬುದನ್ನು ಆಮ್ನೆಸ್ಟಿ ಸಂಸ್ಥೆ 2016ರಲ್ಲಿಯೇ ಜಗತ್ತಿಗೆ ತೋರಿಸಿತು. ಫೋನಿನೊಳಗೆ ಚಿನ್ನವಿದೆ, ತಾಮ್ರವಿದೆ. ಚಿನ್ನಕ್ಕಾಗಿ ಭೂಮಿಯನ್ನು ಅಗೆದರೆ ಏನುಳಿಯುತ್ತದೆಂಬುದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಗಣಿಗಳ ಬಳಿ ಸಯನೈಡ್ ಮಣ್ಣಿನ ದಿಬ್ಬಗಳು ನಿಂತಿವೆ. ಒಂದು ಫೋನು ತನ್ನ ಬಾಳಿನಲ್ಲಿ ಹೊರಸೂಸುವ ಇಂಗಾಲದ ಬಹುಭಾಗವು ಬಳಕೆಯಿಂದಲ್ಲ, ತಯಾರಿಕೆಯಿಂದಲೇ ಉಂಟಾಗುತ್ತದೆ. ಆದುದರಿಂದ ಫೋನನ್ನು ಎರಡು ವರ್ಷ ಹೆಚ್ಚು ಬಳಸಿದವನು ಅಷ್ಟರಮಟ್ಟಿಗೆ ಹಿಂಸೆಯನ್ನು ಮುಂದೂಡಿದವನಾಗುತ್ತಾನೆ.

ಎಸೆದ ಮೇಲಿನ ಕಥೆಯೂ ಹಾಗೆಯೇ. 2022ರಲ್ಲಿ ಜಗತ್ತಿನಲ್ಲಿ ಉಂಟಾದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್ ಎಂದೂ ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಯಾದದ್ದು ಕಾಲುಭಾಗಕ್ಕಿಂತ ಕಡಿಮೆಯೆಂದೂ ವಿಶ್ವಸಂಸ್ಥೆಯ ವರದಿ ತಿಳಿಸುತ್ತದೆ. ಉಳಿದುದರಲ್ಲಿ ಬಹಳಷ್ಟು ಗುಜರಿಯವರ ಪಾಲು. ಅಲ್ಲಿ ತಂತಿಯನ್ನು ಸುಡುತ್ತಾರೆ, ಲೋಹಕ್ಕಾಗಿ ಆಮ್ಲದಲ್ಲಿ ಅದ್ದುತ್ತಾರೆ, ಮಿಕ್ಕ ನೀರನ್ನು ಚರಂಡಿಗೆ ಚೆಲ್ಲುತ್ತಾರೆ. ಪ್ರಥಮ ತೀರ್ಥಂಕರರ ನಾಮವನ್ನು ನೆನಪಿಸುವ ವೃಷಭಾವತಿಯು ನಗರದ ಕೊಳಚೆಯನ್ನೂ ಕಾರ್ಖಾನೆಗಳ ವಿಷವನ್ನೂ ಹೊತ್ತು ನಮ್ಮ ಕೆಂಗೇರಿಯ ಮಗ್ಗುಲಲ್ಲಿ ಹರಿದು ಬೈರಮಂಗಲದ ಕೆರೆಯನ್ನು ಸೇರುವುದನ್ನು ನಾವು ಕಾಣುತ್ತಿದ್ದೇವೆ. ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ, ವಾಯುಕಾಯ ಜೀವಗಳನ್ನು ಪಾಠಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವು, ಆ ನಾಲ್ಕಕ್ಕೂ ನೋವುಂಟುಮಾಡುವ ವ್ಯಾಪಾರದಲ್ಲಿ ಪ್ರತಿ ವರ್ಷ ಪಾಲುದಾರರಾಗಬೇಕೇ?

“ಹಳೆಯದನ್ನು ಎಸೆಯುವುದಿಲ್ಲ, ವಿನಿಮಯಕ್ಕೆ ಕೊಡುತ್ತೇವೆ” ಎನ್ನುವವರಿದ್ದಾರೆ. ಆ ಫೋನು ಇನ್ನೊಬ್ಬರಿಗೆ ಉಪಯೋಗವಾದರೆ ಸಂತೋಷವೇ. ಆದರೆ ವಿನಿಮಯದ ಸೌಲಭ್ಯವಿದೆಯೆಂದೇ ಹೊಸದನ್ನು ಕೊಂಡರೆ, ಒಂದರ ಜಾಗದಲ್ಲಿ ಎರಡು ಫೋನುಗಳು ತಯಾರಾದಂತೆಯೇ ಸರಿ.

ಎದುರು ಪಕ್ಷದ ಒಂದು ವಾದವನ್ನು ಮಾತ್ರ ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅದು ಸುರಕ್ಷತೆಯದು. ತಯಾರಕರು ಸುರಕ್ಷತಾ ಪರಿಷ್ಕರಣೆಯನ್ನು ನಿಲ್ಲಿಸಿದ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅಪಾಯಕರ. ಹಣ ಕಳೆದುಕೊಂಡು ಆರ್ತಧ್ಯಾನದಲ್ಲಿ ಬೀಳುವುದು ಅಪರಿಗ್ರಹವಲ್ಲ, ಅಜಾಗರೂಕತೆ. ಅಂಥ ಫೋನನ್ನು ಬದಲಿಸುವುದು ನ್ಯಾಯ. ಪರಿಷ್ಕರಣೆ ಇನ್ನೂ ಬರುತ್ತಿರುವುದನ್ನು ಬದಲಿಸಲು ಈ ಕಾರಣವನ್ನು ಹೇಳುವುದು ನೆಪ. ಹಿಂದೆ ಎರಡು-ಮೂರು ವರ್ಷಗಳಿಗೇ ಇದು ನಿಲ್ಲುತ್ತಿತ್ತು. 2023ರಲ್ಲಿ ಗೂಗಲ್, 2024ರಲ್ಲಿ ಸ್ಯಾಮ್‌ಸಂಗ್ ತಮ್ಮ ಕೆಲವು ಮಾದರಿಗಳಿಗೆ ಏಳು ವರ್ಷಗಳ ಭರವಸೆ ಕೊಟ್ಟಿವೆ. ಕೊಳ್ಳುವಾಗ ಕ್ಯಾಮೆರಾ ಎಷ್ಟೆಂದು ಕೇಳುವ ಮೊದಲು ಪರಿಷ್ಕರಣೆ ಎಷ್ಟು ವರ್ಷವೆಂದು ಕೇಳುವವನೇ ಜಾಣ ಶ್ರಾವಕ. ಅಂತೆಯೇ, ಹಳೆಯ ಫೋನನ್ನು ನಾಲ್ವರೆದುರು ಎತ್ತಿ ತೋರಿಸಿ ಮೆರೆಯುವುದೂ ಸಲ್ಲದು; ಲೋಭವನ್ನು ಬಿಟ್ಟು ಮಾನಕಷಾಯವನ್ನು ಹಿಡಿದಂತಾಗುತ್ತದೆ. ಇದನ್ನು ಮೊದಲು ನನಗೇ ಹೇಳಿಕೊಂಡಿದ್ದೇನೆ.

ಈಗ ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ವಿನಮ್ರ ಆದರೆ ನೇರವಾದ ಮಾತು. ಅಭಿಷೇಕದ ನೇರಪ್ರಸಾರಕ್ಕೆಂದು, ಕಾರ್ಯಾಲಯಕ್ಕೆಂದು ಟ್ರಸ್ಟಿನ ಹಣದಿಂದ ಅತ್ಯಂತ ಹೊಸ ಮಾದರಿಯನ್ನೇ ಕೊಳ್ಳುವುದು ಯಾವ ಧರ್ಮಪ್ರಭಾವನೆ? ದಾನಿಯು ತ್ಯಾಗಬುದ್ಧಿಯಿಂದ ಕೊಟ್ಟ ಹಣ ನಮ್ಮ ಅತಿವಿಸ್ಮಯಕ್ಕೆ ವೆಚ್ಚವಾಗಬಾರದು. ದುರಸ್ತಿ ಸಾಧ್ಯವಿಲ್ಲವೆಂದು ಲಿಖಿತ ಕಾರಣ ಬರೆಯದೆ ಯಾವ ಉಪಕರಣವನ್ನೂ ಬದಲಿಸುವುದಿಲ್ಲವೆಂದು ಪ್ರತಿಯೊಂದು ಟ್ರಸ್ಟೂ ಠರಾವು ಮಾಡಲಿ. ಕೆಟ್ಟುಹೋದ ಫೋನುಗಳನ್ನು ಸಂಗ್ರಹಿಸಲು ಬಸದಿಯ ಆವರಣದಲ್ಲಿ ಒಂದು ಪೆಟ್ಟಿಗೆ ಇರಲಿ. ಅವನ್ನು ಗುಜರಿಗೆ ಹಾಕದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಲಿ. ನಡೆಯುತ್ತಿದ್ದೂ ಮೂಲೆ ಸೇರಿದ ಫೋನುಗಳಿಗೆ ಬ್ಯಾಟರಿ ಹಾಕಿಸಿ ಬಡ ವಿದ್ಯಾರ್ಥಿಗಳಿಗೆ ಕೊಡಲಿ. ಅದು ಶಾಸ್ತ್ರದಾನಕ್ಕೆ ಸಮೀಪವಾದ ಪುಣ್ಯಕಾರ್ಯ.

ಗೃಹಸ್ಥರಿಗೆ ಒಂದು ಸಣ್ಣ ನಿಯಮವನ್ನು ಸೂಚಿಸಿ ಮುಗಿಸುತ್ತೇನೆ. ಶ್ರವಣಬೆಳಗೊಳದಲ್ಲಿ 2006ರ ಮಹಾಮಸ್ತಕಾಭಿಷೇಕ ನಡೆದಾಗ ಐಫೋನ್ ಹುಟ್ಟಿರಲಿಲ್ಲ. ಅದು ಬಂದದ್ದು 2007ರಲ್ಲಿ. 2018ರ ಅಭಿಷೇಕದ ವೇಳೆಗೆ ಜನ ಸ್ವಾಮಿಯನ್ನು ಕಣ್ಣಿನಿಂದ ನೋಡುವ ಮೊದಲು ಫೋನಿನಿಂದ ನೋಡುತ್ತಿದ್ದರು. ಹನ್ನೆರಡು ವರ್ಷದ ರೂಢಿಯಂತೆ ಮುಂದಿನದು 2030ರಲ್ಲಿ. ಅಲ್ಲಿಯವರೆಗೆ ಇಂದು ಕೈಯಲ್ಲಿರುವ ಫೋನು, ಅದು ನಿಜವಾಗಿಯೂ ಕೆಟ್ಟರೆ ಇನ್ನೊಂದು, ಅದಕ್ಕಿಂತ ಹೆಚ್ಚಿಲ್ಲವೆಂದು ಮನೆಯ ಪ್ರತಿಯೊಬ್ಬರೂ ಬರುವ ಆಕಿಂಚನ್ಯದ ದಿನ ನಿಯಮ ಮಾಡಿಕೊಳ್ಳೋಣ. ಗೆದ್ದ ರಾಜ್ಯವನ್ನೇ ಗೆದ್ದ ಗಳಿಗೆಯಲ್ಲಿ ಬಿಟ್ಟು ನಡೆದ ಬಾಹುಬಲಿಯ ಪಾದದ ಬಳಿ ನಿಲ್ಲುವವರಿಗೆ ಇಷ್ಟು ಬಿಡುವುದು ಕಷ್ಟವಾಗಲಾರದು.

ಆ ತರುಣನಿಗೂ ನನ್ನ ಉತ್ತರ ಇದೇ: ಫೋನು ನಿಲ್ಲುತ್ತದಪ್ಪ, ನಾವು ನಿಲ್ಲುತ್ತೇವೆಯೇ ಎಂಬುದನ್ನು ನೋಡಬೇಕಾಗಿದೆ.