ಪಾರ್ಕ್ ಉಚಿತ, ದಾರಿ ದುಬಾರಿ

ಪರೀಕ್ಷೆ ಮುಗಿದರೆ ಸಾಕು, ಬೆಂಗಳೂರು ಸುತ್ತುವ ಯೋಜನೆಗಳು ಶುರು. ಕಬ್ಬನ್ ಪಾರ್ಕ್‌ನ ಮರದ ನೆರಳಿಗಾಗಲಿ, ಅಲ್ಲೇ ಇರುವ ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯದಲ್ಲಿ ಪತ್ರಿಕೆ ಓದುವುದಕ್ಕಾಗಲಿ ಟಿಕೆಟ್ ಇಲ್ಲ. ಜೇಬು ಖಾಲಿಯಾಗುವುದು ಅಲ್ಲಿಗೆ ಹೋಗಿ ಬರುವುದರಲ್ಲಿ.

2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಪ್ರಯಾಣ ಉಚಿತವಾಯಿತು. ಕಾಲೇಜು, ಸಂದರ್ಶನ, ತಿರುಗಾಟಕ್ಕೆಂದು ಮನೆಯಲ್ಲಿ ಬಸ್ ದುಡ್ಡು ಕೇಳುವ ಕಷ್ಟ ಯುವತಿಯರಿಗೆ ತಪ್ಪಿತು. ಮೆಟ್ರೊ ಕಥೆಯೇ ಬೇರೆ. 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಆ ಲೆಕ್ಕದಲ್ಲಿ ನಗರದ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ ಬರಲು 180 ರೂಪಾಯಿ. ಸ್ಮಾರ್ಟ್ ಕಾರ್ಡ್‌ನ ಶೇ 5ರ ರಿಯಾಯಿತಿ ಸಂಬಳದಾರರಿಗೂ ವಿದ್ಯಾರ್ಥಿಗಳಿಗೂ ಒಂದೇ. ಪುಣೆ ಮೆಟ್ರೊ ವಿದ್ಯಾರ್ಥಿಗಳಿಗೆಂದೇ ಶೇ 30ರಷ್ಟು ರಿಯಾಯಿತಿ ನೀಡಿದೆ.

ನಮ್ಮ ಮೆಟ್ರೊಗೆ ಸಾಲ, ನಿರ್ವಹಣೆಯ ಹೊರೆ ಇರುವುದು ನಿಜ. ಆದರೆ ದಟ್ಟಣೆ ಕಡಿಮೆಯಿರುವ ಹೊತ್ತಿನಲ್ಲಾದರೂ ವಿದ್ಯಾರ್ಥಿಗಳಿಗೆ ದರ ಇಳಿಸಿದರೆ ಖಾಲಿ ಸೀಟುಗಳು ತುಂಬುತ್ತವೆ. ರಜೆಯ ತಿರುಗಾಟ ಬರೀ ಮೋಜಲ್ಲ. ನಾಳೆ ಕೆಲಸ ಹುಡುಕಬೇಕಾದ ಊರಿನ ಪರಿಚಯವಾಗುವುದೇ ಹೀಗೆ.